ದೊಡ್ಡಯ್ಯ ಚಿಕ್ಕಯ್ಯನಿಗೆ ಸೋಮವಾರ ರಜೆ

ಮದುವೆಯಾಗಿ ಈ ಮನೆಗೆ ಬಂದ ಮರುದಿನ ಬೆಳಿಗ್ಗೆ ಗೋಡೆಯಾಚೆಯಿಂದ ನನ್ನ ಮಾವ ಹಾಲಪ್ಪನವರ ದನಿ ಕೇಳಿಸಿತು. “ಏಳ್ರಪ್ಪಾ, ಏಳ್ರಿ. ಬೆಳಕು ಹರೀತು. ಚೂರು ಆ ಕಡಿ ಸರಕಳ್ರಿ.” ಮದುವೆಗೆ ಬಂದ ಹಿರಿಯ ನೆಂಟರು ಯಾರೋ ಹೊರಗೆ ಮಲಗಿರಬೇಕು ಎಂದುಕೊಂಡೆ. ಹೊಸ ಸೊಸೆಯ ಹುರುಪು ಬೇರೆ. ಎರಡು ಲೋಟ ಚಹಾ ಹಿಡಿದುಕೊಂಡು ಹೋದೆ. ಅಲ್ಲಿದ್ದದ್ದು ಎರಡು ಎತ್ತು.

ಮಾವ ನನ್ನ ಕೈಯಲ್ಲಿದ್ದ ಲೋಟಗಳನ್ನು ನೋಡಿದರು, ಎತ್ತುಗಳನ್ನು ನೋಡಿದರು. “ಅವ್ರು ಚಾ ಕುಡಿಯಲ್ಲ ಕಣವ್ವ. ಎರಡೂ ಇತ್ತ ಕೊಡು” ಅಂದರು. ಕುಡಿದು ಲೋಟ ವಾಪಸ್ ಕೊಡುವಾಗ ಪರಿಚಯ ಮಾಡಿಸಿದರು: “ಇವ್ರು ದೊಡ್ಡಯ್ಯ. ಆ ಕಡೆಯವ್ರು ಚಿಕ್ಕಯ್ಯ.”

ಎತ್ತಿಗೆ ‘ಏಳ್ರಿ’, ಸೊಸೆಗೆ ‘ಕೊಡು’. ಕಾಲೇಜಿನ ನಾಲ್ಕು ವರ್ಷ ಚರ್ಚಾಸ್ಪರ್ಧೆಯ ವೇದಿಕೆಯಲ್ಲಿ ಸಮಾನತೆಯ ಬಗ್ಗೆ ಮೇಜು ಗುದ್ದಿ ಮಾತಾಡಿದವಳು ನಾನು. ಕುಂದಾಪುರದಲ್ಲಿ ಕೂತು ಇದನ್ನು ಓದುತ್ತಿರುವ ನಿಮಗೆ ನನ್ನ ಗುಣ ಗೊತ್ತು. ಅವತ್ತೇ ಕೇಳಿಬಿಡಬೇಕು ಅನಿಸಿತು. ಚಹಾ ಲೋಟ ಕೈಯಲ್ಲಿದ್ದದ್ದರಿಂದ ಬಿಟ್ಟೆ.

ನಾನೀಗ ಇರುವುದು ನ್ಯಾಮತಿಯಿಂದ ಸೂರಗೊಂಡನಕೊಪ್ಪದ ಕಡೆಗೆ ಹೋಗುವಾಗ ಸಿಗುವ ಒಂದು ಸಣ್ಣ ಊರಿನಲ್ಲಿ. ಇಲ್ಲಿಗೆ ಬರಲು ಕಾರಣವೂ ಒಂದು ಚರ್ಚೆಯೇ. ಶಿವಮೊಗ್ಗದಲ್ಲಿ ನಡೆದ ಸ್ಪರ್ಧೆ, ವಿಷಯ ‘ಯಂತ್ರ ಬಂದ ಮೇಲೆ ಪ್ರಾಣಿಗಳ ದುಡಿಮೆ ಬೇಡ’. ನನ್ನ ಚೀಟಿಯಲ್ಲಿ ‘ಪರ’ ಬಂತು, ಎದುರಿನ ಹುಡುಗನಿಗೆ ‘ವಿರೋಧ’. ನಾನು ಟ್ರ್ಯಾಕ್ಟರಿನ ಪರವಾಗಿ ಮಾತಾಡಿ ಕಪ್ ಗೆದ್ದೆ. ಸೋತವನು ಕೆಳಗಿಳಿದು ಬಂದು ಫೋನ್ ನಂಬರ್ ಕೇಳಿದ. ಅವನೇ ಪ್ರದೀಪ.

ಸಮುದ್ರದ ಸದ್ದು ಕೇಳಿ ಬೆಳೆದವರಿಗೆ ಇಲ್ಲಿನ ಮೌನ ಮೊದಮೊದಲು ಕಿವಿಗೆ ಬಡಿಯುತ್ತದೆ. ನಮ್ಮಲ್ಲಿ ಮಧ್ಯಾಹ್ನ ಅಂದರೆ ಮೀನಿನ ಗಾಡಿಯ ಹಾರನ್ನು; ಇಲ್ಲಿ ಮಧ್ಯಾಹ್ನ ಅಂದರೆ ಮೆಕ್ಕೆಜೋಳದ ಹೊಲದ ಮೇಲೆ ಬೀಸುವ ಒಣ ಗಾಳಿ. ಮೀನು ಈ ಮನೆಯ ಹೊಸ್ತಿಲು ದಾಟುವುದಿಲ್ಲ. ಕುಚ್ಚಲಕ್ಕಿ ಗಂಜಿಯ ಆಸೆಯಾದರೆ ತವರಿನಿಂದ ತಂದ ಚೀಲ ಬಿಚ್ಚಿ ಒಬ್ಬಳೇ ಬೇಯಿಸಿಕೊಳ್ಳಬೇಕು. ನನ್ನ ಓರಗಿತ್ತಿ ಕವಿತಕ್ಕ ಅದನ್ನು ನೋಡಿ, “ಜ್ವರ ಬಂದೈತೇನೇ?” ಎಂದು ಹಣೆ ಮುಟ್ಟಿ ನೋಡಿದರು. ಅವರಿಗೆ ಗಂಜಿ ಕಾಯಿಲೆಯವರ ಊಟ. ಜೋಳದ ರೊಟ್ಟಿ ಬಡಿಯುವುದನ್ನು ಅವರೇ ಕಲಿಸಿದರು. ಮೊದಲ ತಿಂಗಳ ನನ್ನ ರೊಟ್ಟಿಗಳನ್ನೆಲ್ಲ ಮೇಕೆಗಳು ತಿಂದವು. ಎರಡನೆಯ ತಿಂಗಳಲ್ಲಿ ಒಂದು ರೊಟ್ಟಿ ಹಂಚಿನ ಮೇಲೆ ಉಬ್ಬಿತು. ಅದರ ಫೋಟೋ ತೆಗೆದು ಅಮ್ಮನಿಗೆ ಕಳಿಸಿದೆ. ಈ ಊರಿನಲ್ಲಿ ನನ್ನ ಮೊದಲ ಗೆಲುವು ಅದು; ತೀರ್ಪುಗಾರರು ಮೇಕೆಗಳು.

ಮಾತಿನಲ್ಲೂ ಹಾಗೆಯೇ ಕಾಲು ಜಾರುತ್ತಿತ್ತು. ನಮ್ಮ ಕಡೆ ಹಟ್ಟಿ ಅಂದರೆ ದನ ಕಟ್ಟುವ ಜಾಗ. ಜಗಳೂರಿನ ಕಡೆ ಹಟ್ಟಿ ಅಂದರೆ ಜನ ಬಾಳುವ ಊರು. ಸಂತೆಯಲ್ಲಿ ಸಿಕ್ಕ ಒಬ್ಬ ಹೆಂಗಸು “ನಮ್ದು ಹಟ್ಟಿ” ಅಂದಾಗ ನಾನು “ಎಷ್ಟು ದನ ಇವೆ?” ಎಂದು ಕೇಳಿಬಿಟ್ಟೆ. ಪುಣ್ಯಕ್ಕೆ ಆಕೆ ನಕ್ಕಳು.

ಈ ಮನೆಯೊಳಗೆ ಒಂದು ಹಳೆಯ ಜಗಳ ಇತ್ತು. ಪ್ರದೀಪನ ಅಣ್ಣ, ನನ್ನ ಭಾವ ರುದ್ರೇಶ, ಟ್ರ್ಯಾಕ್ಟರ್ ತಂದಾಗಿನಿಂದ ಎತ್ತು ಮಾರಬೇಕು ಅನ್ನುತ್ತಿದ್ದರು. ಮೆಕ್ಕೆಜೋಳದ ಸಾಲುಗಳ ನಡುವೆ ಕಳೆ ತೆಗೆಯಲು ಎಡೆ ಹೊಡೆಯುತ್ತಾರಲ್ಲ, ಆ ಕೆಲವೇ ದಿನ ಬಿಟ್ಟರೆ ಎತ್ತುಗಳಿಗೆ ಕೆಲಸವಿಲ್ಲ. ಮೇವು ಮಾತ್ರ ವರ್ಷಪೂರ್ತಿ. ಮಾವ ಜಪ್ಪಯ್ಯ ಅನ್ನಲಿಲ್ಲ. ವಯಸ್ಸಾದ ಎತ್ತನ್ನು ದಲ್ಲಾಳಿಗೆ ಕೊಟ್ಟರೆ ಅದು ಯಾವ ಹೊಲಕ್ಕೂ ಹೋಗುವುದಿಲ್ಲ, ಎಲ್ಲಿಗೆ ಹೋಗುತ್ತದೆ ಎಂಬುದು ಈ ಮನೆಯ ಮಕ್ಕಳಿಗೂ ಗೊತ್ತು.

ನಾನು ಎತ್ತಿನ ಪರ ಬಾಯಿ ತೆರೆದಾಗ ಭಾವ ನಕ್ಕರು. “ಅಲ್ಲಮ್ಮಾ, ಶಿವಮೊಗ್ಗದಾಗೆ ಟ್ರ್ಯಾಕ್ಟರ್ ಪರ ಮಾತಾಡಿ ಕಪ್ ಹೊಡ್ದಿದ್ದು ನೀನೇ ಅಲ್ವಾ? ಆ ಕಪ್ಪು ನಮ್ಮ ಟಿ.ವಿ. ಮ್ಯಾಗೇ ಐತಲ್ಲ!”

ಉತ್ತರ ಇಲ್ಲದಿದ್ದಾಗ ಬೇರೆ ಪ್ರಸ್ತಾಪ ಇಡಬೇಕು ಎಂದು ನಮ್ಮ ಮೇಷ್ಟ್ರು ಕಲಿಸಿದ್ದರು. ಇಟ್ಟೆ. ರಜೆಯ ದಿನ ನಮ್ಮ ಹೊಲಮನೆಗೆ ಜನರನ್ನು ಕರೆಯೋಣ. ಮಕ್ಕಳು ಮೇಕೆಗೆ ಸೊಪ್ಪು ತಿನ್ನಿಸಲಿ, ಕೋಳಿಮರಿ ಎತ್ತಿಕೊಳ್ಳಲಿ, ಎಮ್ಮೆ ಮೈ ತೊಳೆಯಲಿ, ಎತ್ತಿನ ಗಾಡಿಯಲ್ಲಿ ಕೆರೆ ಏರಿಯ ತನಕ ಹೋಗಿ ಬರಲಿ. ಮಧ್ಯಾಹ್ನ ರೊಟ್ಟಿ ಊಟ.

“ಮೇಕೆ ನೋಡಾಕೆ ಯಾರು ರೊಕ್ಕ ಕೊಡ್ತಾರೆ?” ಅಂದರು ಭಾವ. “ಮೇಕೆಗೇ ನಗು ಬರ್ತೈತೆ.”

“ಚನ್ನಗಿರಿ ಕಡೆ ಅಡಿಕೆ ತೋಟದವರ ಮನೆಯಲ್ಲಿ ಈಗ ದನ ಎಲ್ಲಿವೆ ಭಾವ? ಗೊಬ್ಬರ ಲಾರಿಯಲ್ಲಿ ಬರುತ್ತೆ, ಹಾಲು ಪ್ಯಾಕೆಟ್ಟಿನಲ್ಲಿ ಬರುತ್ತೆ. ಆ ಮಕ್ಕಳು ಮೇಕೆಯನ್ನು ನೋಡಿರುವುದು ಮೊಬೈಲಿನಲ್ಲಿ.”

ದರ ಕಡಿಮೆ ಇಡಲೇಬೇಕೆಂದು ಹಟ ಹಿಡಿದೆ. ದೊಡ್ಡ ನಗರಗಳ ಪಕ್ಕ ಇಂಥ ಜಾಗಗಳಿವೆ. ಅಪ್ಪ, ಅಮ್ಮ, ಎರಡು ಮಕ್ಕಳು ಒಳಗೆ ಕಾಲಿಡುವಷ್ಟರಲ್ಲಿ ಜೇಬು ಹಗುರ. ಅಜ್ಜ ಅಜ್ಜಿಯನ್ನು ಮನೆಯಲ್ಲೇ ಬಿಟ್ಟು ಬರುತ್ತಾರೆ. ನಮ್ಮಲ್ಲಿ ಅಜ್ಜ ಅಜ್ಜಿಗೆ ಟಿಕೆಟ್ಟೇ ಇಲ್ಲ ಅಂದೆ. ಶಿವಮೊಗ್ಗದ ಹೋಟೆಲಿನಲ್ಲಿ ಒಂದು ಹೊತ್ತು ಉಂಡೇಳುವ ದುಡ್ಡಿನಲ್ಲಿ ಇಡೀ ಕುಟುಂಬ ಇಲ್ಲಿ ಸಂಜೆತನಕ ಇರಬೇಕು. ಬಡವರು ರಜೆ ಕಳೆಯಬಾರದು ಎಂದು ಎಲ್ಲಿ ಬರೆದಿದೆ?

ಭಾವ ಕೊನೆಗೆ ಒಂದು ಗಡುವು ಕೊಟ್ಟರು. “ಮೆಕ್ಕೆಜೋಳ ಮನೆ ಸೇರೋತನಕ ನೋಡನ. ಅಷ್ಟರಾಗೆ ಈ ಅಯ್ಯನೋರು ತಮ್ಮ ಮೇವು ತಾವು ದುಡಕಂಡ್ರೆ ಇರ್ಲಿ. ಇಲ್ಲಾಂದ್ರೆ ದಲ್ಲಾಳಿಗೆ ಫೋನು.” ಮಾವ ದೊಡ್ಡಯ್ಯನ ಕುತ್ತಿಗೆಯಡಿ ಜೋಲುವ ಗಂಗೆದೊಗಲು ಸವರುತ್ತ ನಿಂತಿದ್ದರು.

ಭಾನುವಾರಗಳಂದು ಶುರುವಾಯಿತು. ಹೊನ್ನಾಳಿಯಿಂದ ಒಂದು ಬೈಕಿನಲ್ಲಿ ನಾಲ್ವರು, ತ್ಯಾವಣಿಗೆಯಿಂದ ಒಂದು ಆಟೋ, ಸಂತೇಬೆನ್ನೂರಿನಿಂದ ಎರಡು ಕಾರು. ಚನ್ನಗಿರಿಯಿಂದ ಬಂದ ಒಬ್ಬ ಅಜ್ಜಿ ಊಟಕ್ಕೂ ಏಳದೆ ಎಮ್ಮೆ ಪಕ್ಕ ಕಲ್ಲಿನ ಮೇಲೆ ಕೂತೇ ಇದ್ದರು. ಮಗ ಮೂರು ಸಲ ಕರೆದ. “ಸುಮ್ನೆ ಇರಲಾ, ನಮ್ಮ ಕೊಟ್ಟಿಗಿ ಕಾರ್ ಶೆಡ್ ಮಾಡಿಟ್ಟೀಯ. ಈ ವಾಸನೆ ಮೂಗಿಗೆ ಬಿದ್ದು ಎಷ್ಟು ದಿನಾತು” ಎಂದು ಗದರಿದರು. ಎಲ್ಲಕ್ಕಿಂತ ಹೆಚ್ಚು ಸಾಲು ಇರುತ್ತಿದ್ದದ್ದು ಗಾಡಿಯ ಮುಂದೆ. ಮಾವ ಗಾಡಿಯ ಮುಂದಿನ ಮರ, ಮೂಕಿಯ ಮೇಲೆ ಕೂತು “ನಡೀರಪ್ಪಾ, ಮಕ್ಕಳು ಕೂತಾವೆ, ನಿಧಾನ ನಡೀರಿ” ಅನ್ನುತ್ತಿದ್ದರು. ನಾನು ಮನಸ್ಸಿನಲ್ಲೇ ಅಂಕ ಹಾಕಿಕೊಳ್ಳುತ್ತಿದ್ದೆ: ಎತ್ತಿನ ಪಕ್ಷ ಮುನ್ನಡೆಯಲ್ಲಿದೆ.

ಹೀಗಿರುವಾಗ ಜಗಳೂರು ಕಡೆಯ ತಿಪ್ಪೇಸ್ವಾಮಿ ಎಂಬವರ ಫೋನ್ ಬಂತು. ಅಣ್ಣತಮ್ಮಂದಿರ ಮನೆಯವರೆಲ್ಲ ಸೇರಿ ಒಂದು ಟೆಂಪೋದಲ್ಲಿ ಬರುತ್ತಾರಂತೆ, ಸರ್ಕಾರಿ ರಜೆಯ ದಿನ. “ಎತ್ತಿನ ಗಾಡಿ ಐತೆ ಅಲ್ವೇನ್ರೀ? ಹುಡುಗ್ರು ಅದಕ್ಕೇ ಕುಣೀತಾವೆ.” “ಖಂಡಿತ ಇದೆ” ಅಂದೆ. ಅಷ್ಟು ದೊಡ್ಡ ಗುಂಪು ಅದುವರೆಗೆ ಬಂದಿರಲಿಲ್ಲ. ಮನೆಯಲ್ಲಿ ‘ರಜೆಯ ದಿನ ಜಗಳೂರಿನವರು ಬರುತ್ತಾರೆ’ ಎಂದಷ್ಟೇ ಹೇಳಿದೆ. ಅದು ಯಾವ ವಾರ ಎಂದು ನಾನು ಹೇಳಲಿಲ್ಲ, ಯಾರೂ ಕೇಳಲಿಲ್ಲ.

ಹಿಂದಿನ ಸಂಜೆ ಮಾವನಿಗೆ ಅಂದೆ, “ನಾಳೆ ಊಟಕ್ಕಿಂತ ಮುಂಚೆಯೇ ಗಾಡಿ ಹೂಡಿಬಿಡೋಣ ಮಾವ, ಬಿಸಿಲೇರುತ್ತೆ.”

“ನಾಳೆ ಸೋಮವಾರ ಅಲ್ಲೇನವ್ವ?”

“ಹೌದು, ಸೋಮವಾರ.”

“ಮತ್ತೆ?”

“ಮತ್ತೆ ಏನು?”

ಅವರು ನನ್ನನ್ನು ನೋಡಿದ ರೀತಿ ಈಗಲೂ ಕಣ್ಣಮುಂದಿದೆ. ನೀರು ಒದ್ದೆ ಇರುತ್ತೆ ಎಂದು ಗೊತ್ತಿಲ್ಲದವಳನ್ನು ನೋಡಿದ ಹಾಗೆ. ಸೋಮವಾರ ಬಸವಣ್ಣನ ದಿನ. ಎತ್ತು ಅಂದರೆ ಬಸವಣ್ಣ. ಅವತ್ತು ಈ ಸೀಮೆಯ ರೈತರು ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ಮೈ ತೊಳೆದು, ಹಣೆಗೆ ವಿಭೂತಿ ಹಚ್ಚಿ ಬಿಟ್ಟುಬಿಡುತ್ತಾರೆ. ಎಲ್ಲರಿಗೂ ಗೊತ್ತಿರುವುದನ್ನು ಯಾರೂ ಹೇಳುವುದಿಲ್ಲ. ಹೊಸಬರು ಎಡವುವುದು ಯಾವಾಗಲೂ ಅಲ್ಲೇ. ಟ್ರ್ಯಾಕ್ಟರಿಗೆ ವಾರ ಇಲ್ಲವಾದ್ದರಿಂದ ನಾನೂ ಗಮನಿಸಿರಲಿಲ್ಲ.

ನಾನು ವಾದಕ್ಕೆ ಇಳಿದೆ. ಒಂದು, ಗಾಡಿ ಓಡದಿದ್ದರೆ ಎತ್ತು ಉಳಿಯುವುದಿಲ್ಲ; ಉಳಿಸಲಿಕ್ಕಾಗಿ ಒಂದು ಸೋಮವಾರ ಹೂಡಿದರೆ ಬಸವಣ್ಣ ಬೇಸರಿಸುವುದಿಲ್ಲ. ಎರಡು, ಬದಲಿಗೆ ಮಂಗಳವಾರ ಬುಧವಾರ ಎರಡೂ ದಿನ ರಜೆ ಕೊಡೋಣ. ಮೂರನೆಯದನ್ನು ಕೊನೆಗೆ ಇಟ್ಟುಕೊಂಡಿದ್ದೆ: “ನಾಳೆ ಸೋಮವಾರ ಅಂತ ಎತ್ತಿಗೆ ಗೊತ್ತಾಗುತ್ತಾ ಮಾವ?”

“ಎತ್ತಿಗೆ ಗೊತ್ತಿಲ್ಲ ಕಣವ್ವ” ಅಂದರು ಮಾವ. “ನನಗೆ ಗೊತ್ತೈತೆ.”

ಅಷ್ಟೇ. ಎದ್ದು ಮೇವು ಹಾಕಲು ಹೋದರು. ಇದು ತರ್ಕವಲ್ಲ ಎಂದು ಈಗಲೂ ಹೇಳುತ್ತೇನೆ. ಆದರೆ ಇದನ್ನು ಮುರಿಯುವ ತರ್ಕ ನನಗೆ ಇನ್ನೂ ಸಿಕ್ಕಿಲ್ಲ.

ಭಾವ ಎಲ್ಲವನ್ನೂ ಕೇಳಿಸಿಕೊಂಡಿದ್ದರು. “ಗಿರಾಕಿ ಬಂದ ದಿನ ಮಕ್ಕಂಡಿರೋ ಎತ್ತು ಯಾವ ಮೇವು ದುಡೀತಾವೆ? ಮುಗೀತು ಬಿಡು. ಜೋಳ ಕೊಯ್ಯೋತನಕ ಯಾಕೆ, ಈ ವಾರನೇ ಫೋನ್ ಮಾಡ್ತೀನಿ.” ಸ್ವಲ್ಪ ಹೊತ್ತು ಬಿಟ್ಟು ಹತ್ತಿರ ಬಂದು ದನಿ ತಗ್ಗಿಸಿದರು. ಕೆಟ್ಟ ಮನುಷ್ಯರೇನಲ್ಲ. “ನೋಡು, ಅಪ್ಪ ಬೆಳಿಗ್ಗೆ ಗುಡಿಗೆ ಹೋಗ್ತಾನೆ. ಬರೋದು ಹೊತ್ತಾಗ್ತೈತೆ. ಅಷ್ಟರಾಗೆ ಒಂದು ಸುತ್ತು ಹೊಡಿಸಿ ಕಟ್ಟಿಬಿಡ್ತೀನಿ. ನಿನ್ನ ಮಾತೂ ಉಳೀತೈತೆ, ಎತ್ತೂ ಉಳೀತಾವೆ. ಹ್ಞೂಂ ಅನ್ನು.”

ಹ್ಞೂಂ ಅನ್ನಲು ನನಗೆ ಏನು ಅಡ್ಡಿ? ಸೋಮವಾರದಲ್ಲಿ ನನಗೆ ನಂಬಿಕೆಯಿಲ್ಲ, ಎತ್ತು ಬಸವಣ್ಣ ಎಂಬುದರಲ್ಲೂ ಇಲ್ಲ. ಆದರೆ ಎದುರಾಳಿಯನ್ನು ಸಭೆಯಿಂದ ಹೊರಗೆ ಕಳಿಸಿ ಗೆದ್ದದ್ದು ಯಾವ ಗೆಲುವು? ಹಾಗೆ ಉಳಿಸಿದ ಎತ್ತು ಮಾವನ ಎತ್ತಾಗಿ ಉಳಿಯುತ್ತದೆಯೇ? “ಬೇಡ ಭಾವ” ಅಂದೆ. “ಹಂಗಾದ್ರೆ ನೀನೇ ಎಳೀ ಗಾಡಿ” ಎಂದು ಸಿಡುಕಿ ಹೋದರು.

ಬೆಳಿಗ್ಗೆ ಮಾವ ಎತ್ತುಗಳ ಮೈ ತೊಳೆದು, ವಿಭೂತಿ ಹಚ್ಚಿ, ಬೇವಿನ ಮರದಡಿ ಕಟ್ಟಿ ಗುಡಿಗೆ ಹೊರಟರು. ಅವರು ತಿರುವಿನಲ್ಲಿ ಮರೆಯಾಗುವ ಹೊತ್ತಿಗೆ ಟೆಂಪೋ ಬಂತು. ಮಕ್ಕಳು ಬಾಗಿಲು ಪೂರ್ತಿ ತೆರೆಯುವ ಮುಂಚೆಯೇ ಧುಮುಕಿ ನೇರ ಗಾಡಿಗೆ ಹತ್ತಿ ಕೂತರು. ಇಳಿಯಿರಿ ಅಂದರೆ ಇಳಿಯುವುದಿಲ್ಲ. ನಾನು ತಿಪ್ಪೇಸ್ವಾಮಿಯವರಿಗೆ ವಿಷಯ ಹೇಳಿದೆ: ಇವತ್ತು ಸೋಮವಾರ, ಎತ್ತಿಗೆ ರಜೆ.

“ಅದು ನಮಗೂ ಗೊತ್ತೈತೆ ಕಣ್ರೀ, ನಮ್ಮ ಹಟ್ಟಿಯಾಗೂ ಸೋಮವಾರ ಹೂಡಲ್ಲ” ಅಂದರು.

“ಮತ್ತೆ ಫೋನಿನಲ್ಲಿ ಗಾಡಿ ಕೇಳಿದಿರಿ?”

“ನೀವು ಐತೆ ಅಂದ್ರಿ. ಈ ಕಡೆ ನೀರಾವರಿ ಜನ, ಹೂಡ್ತಾರೇನೋ ಅಂದ್ಕಂಡೆ.” ಆಮೇಲೆ ಅವರಿಗೂ ಸಿಟ್ಟು ಬಂತು. “ಅಷ್ಟು ದೂರದಿಂದ ಕರೆಸಿ ಈಗ ರಜೆ ಅಂದ್ರೆ ಹೆಂಗ್ರೀ? ಈ ಹುಡುಗ್ರಿಗೆ ಏನು ಹೇಳಾನ? ಟಿಕೆಟ್ ರೊಕ್ಕ ತಗಂಡಿಲ್ವಾ ನೀವು?”

ಆಗ ನನ್ನ ಬಾಯಿಂದ ಬಂದ ಮಾತು ನನಗೇ ಆಶ್ಚರ್ಯ. ವಾರದಲ್ಲಿ ಒಂದು ದಿನ ಕೆಲಸಗಾರನಿಗೆ ರಜೆ ಬೇಕೆಂದು ನಾವೆಲ್ಲ ಒಪ್ಪುತ್ತೇವೆ. ನೀವೂ ರಜೆ ಇದೆ ಎಂದೇ ಬಂದಿದ್ದೀರಿ. ನಿಮ್ಮ ರಜೆಗಾಗಿ ಇನ್ನೊಬ್ಬರ ರಜೆ ಕಿತ್ತುಕೊಳ್ಳುವುದು ಸರಿಯೇ? ಹಿಂದಿನ ಸಂಜೆ ಮಾವನೆದುರು ಮಂಡಿಸಿದ ಪಕ್ಷವನ್ನು ಈಗ ನಾನೇ ಕತ್ತರಿಸುತ್ತಿದ್ದೆ. ಈ ಸಲ ಚೀಟಿ ಯಾರೂ ಕೊಟ್ಟಿರಲಿಲ್ಲ.

ತಿಪ್ಪೇಸ್ವಾಮಿಯವರ ತಾಯಿ ಓಬಮ್ಮ ಟೆಂಪೋದಿಂದ ನಿಧಾನ ಇಳಿಯುತ್ತ, “ಆ ಹುಡುಗಿ ಹೇಳೋದು ಸರಿ ಐತೆ. ಸೋಮವಾರ ಹೂಡಿದ ಗಾಡಿ ನಾನಂತೂ ಹತ್ತಾಕಿಲ್ಲ” ಅಂದರು. ಮಗ ಸುಮ್ಮನಾದ. ಮಕ್ಕಳು ಸುಮ್ಮನಾಗಲಿಲ್ಲ. ಗಾಡಿಯಲ್ಲಿ ಒಬ್ಬಳು ಅಳಲು ಶುರುಮಾಡಿದ್ದೇ ಉಳಿದವರೂ ದನಿಗೂಡಿಸಿದರು. ಭಾವ ಜಗುಲಿಯ ಕಂಬಕ್ಕೆ ಒರಗಿ, ಮೊಬೈಲ್ ಕೈಯಲ್ಲಿ ಹಿಡಿದು ನನ್ನನ್ನೇ ನೋಡುತ್ತಿದ್ದರು.

ನೀನೇ ಎಳೀ ಗಾಡಿ ಎಂದು ಅವರೇ ಹೇಳಿದ್ದರಲ್ಲ. ಮಾತೆಂದರೆ ಮಾತು. ಸೆರಗು ಸೊಂಟಕ್ಕೆ ಸಿಕ್ಕಿಸಿ ಹೋಗಿ ನೊಗದ ಒಂದು ಬದಿ ಎತ್ತಿ ಹೆಗಲಿಗೆ ಇಟ್ಟುಕೊಂಡೆ. ಟೈರಿನ ಗಾಡಿ, ಆದರೂ ಜಪ್ಪೆನ್ನಲಿಲ್ಲ. ಮಕ್ಕಳ ಅಳು ಟಕ್ಕನೆ ನಿಂತಿತು. “ಏಯ್, ಏನು ಮಾಡ್ತೀಯ?” ಎಂದು ಮೇಕೆ ದೊಡ್ಡಿಯಿಂದ ಪ್ರದೀಪ ಓಡಿ ಬಂದ.

“ಗಾಡಿ ಇದೆ ಅಂದಿದ್ದೆ. ಎತ್ತೇ ಎಳೆಯುತ್ತವೆ ಅಂತ ಹೇಳಿರಲಿಲ್ಲ.”

“ಹೇಳಿದ್ದೆ. ನೀನೇ ಎತ್ತಿನ ಗಾಡಿ ಅಂತ ಹೇಳಿದ್ದೆ.” ಅಂಥ ಹೊತ್ತಿನಲ್ಲೂ ಖಂಡಿಸದೆ ಇರಲಾರ. ಆದರೆ ಖಂಡಿಸುತ್ತಲೇ ನೊಗದ ಇನ್ನೊಂದು ಬದಿಗೆ ಹೆಗಲು ಕೊಟ್ಟ.

ಕವಿತಕ್ಕ ರೊಟ್ಟಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದರು. ಗಂಡನ ಕಡೆ ತಿರುಗಿ, “ನೋಡ್ರಿ, ಆ ಹೆಣ್ಣುಹುಡುಗಿ ನೊಗ ಹೊತ್ತೈತೆ. ನೀವು ಕಂಬ ಹೊತ್ಕಂಡು ನಿಂತೀರಿ” ಅಂದರು. ಅವರ ಮಗಳು ಗಾಡಿಯ ಮೇಲಿಂದ “ಅಪ್ಪಾ ಬಾ, ನೀನು ದೊಡ್ಡಯ್ಯ ಆಗು!” ಎಂದು ಕೂಗಿದಳು. ಭಾವ ಮೊಬೈಲ್ ಜೇಬಿಗಿಟ್ಟರು. ಬಂದು ನನ್ನನ್ನು ಪಕ್ಕಕ್ಕೆ ಸರಿಸಿ, “ಬಿಡಮ್ಮಾ, ನಿನ್ನ ಕೈಲಿ ಆಗಲ್ಲ” ಎಂದು ನೊಗ ತಗೊಂಡರು. ನಾನು ಬಿಡಲಿಲ್ಲ, ಗಾಡಿಯ ಹಿಂದೆ ಹೋಗಿ ತಳ್ಳಿದೆ. ತಿಪ್ಪೇಸ್ವಾಮಿಯವರು ಒಂದು ಗಳಿಗೆ ನೋಡಿ, ಚಪ್ಪಲಿ ಬಿಟ್ಟು, ತಮ್ಮಂದಿರನ್ನು ಕರೆದು ಚಕ್ರಕ್ಕೆ ಕೈ ಹಚ್ಚಿದರು. ಗಾಡಿ ಕದಲಿತು.

ಬೇವಿನ ಮರದಡಿ ದೊಡ್ಡಯ್ಯ ಚಿಕ್ಕಯ್ಯ ಮೆಲುಕು ಹಾಕುತ್ತ ನಮ್ಮನ್ನೇ ನೋಡುತ್ತಿದ್ದವು.

ಕೆರೆ ಏರಿಯ ತನಕ ಇಳಿಜಾರು, ಸಲೀಸು. ವಾಪಸ್ ಬರುವಾಗ ಏರು. ಅರ್ಧ ದಾರಿಯಲ್ಲಿ ಎಲ್ಲರೂ ಏದುಸಿರು ಬಿಡುತ್ತ ನಿಂತಾಗ ಎದುರಿಗೆ ಮಾವ ಬಂದರು, ಹಣೆಯಲ್ಲಿ ವಿಭೂತಿ, ಕೈಯಲ್ಲಿ ಕಾಯಿ ಬಾಳೆಹಣ್ಣಿನ ಚೀಲ. ನೊಗದಲ್ಲಿದ್ದ ಇಬ್ಬರು ಗಂಡುಮಕ್ಕಳನ್ನು ನೋಡಿದರು. ಮಾವ ಹಣ್ಣಿನ ಚೀಲವನ್ನು ಗಾಡಿಯೊಳಗಿದ್ದ ಓಬಮ್ಮನ ಕೈಗೆ ಕೊಟ್ಟು (ಅವರೂ ಹತ್ತಿದ್ದರು!) ಮೂಕಿಯ ಮೇಲೆ ಹತ್ತಿ ಕೂತರು. ಗಾಡಿಯಲ್ಲಿದ್ದ ಬಾರುಕೋಲು ತಗೊಂಡು ಗಾಳಿಯಲ್ಲಿ ಛಟೀರ್ ಎನ್ನಿಸಿದರು.

“ಏಯ್, ಎಳೀರಲೇ! ಏನು ನೋಡ್ತೀರಾ?”

ಎತ್ತುಗಳಿಗೆ ಅವರು ಒಂದು ದಿನವೂ ಹಾಗೆ ಅಂದದ್ದನ್ನು ನಾನು ಕೇಳಿಲ್ಲ. ಮಕ್ಕಳು ನಕ್ಕು ನಕ್ಕು ಒಬ್ಬರ ಮೇಲೊಬ್ಬರು ಬಿದ್ದರು. ನಾವು ಗಾಡಿಯನ್ನು ಅಂಗಳಕ್ಕೆ ಮುಟ್ಟಿಸಿದೆವು. ಊಟವಾದ ಮೇಲೆ ಅದೇ ಮಕ್ಕಳು ಇನ್ನೊಂದು ಸುತ್ತು ಬೇಕೆಂದು ಹಟ ಹಿಡಿದವು. ಜಗಳೂರಿನ ಅಣ್ಣತಮ್ಮಂದಿರೇ ನೊಗಕ್ಕೆ ಪಾಳಿ ಹಚ್ಚಿದರು.

ಸಂಜೆ ಭಾವ ಹೊರಸಿನ ಮೇಲೆ ಬೋರಲು ಮಲಗಿದ್ದರು. ಕವಿತಕ್ಕ ಹೆಗಲಿಗೆ ಎಣ್ಣೆ ತಿಕ್ಕುತ್ತ, “ಹಿಂಡಿ ಕಲಸಿ ತರ್ಲೇನ್ರಿ?” ಎಂದು ಕೇಳಿದರು. ಭಾವನಿಗೆ ನಗು ತಡೆಯಲಾಗಲಿಲ್ಲ. ಆ ವಾರ ದಲ್ಲಾಳಿಯೇ ಫೋನ್ ಮಾಡಿದ. “ಈ ಸಲ ಇಲ್ಲ ಬಿಡ್ರಿ” ಅಂದರು ಭಾವ. ಮೆಕ್ಕೆಜೋಳ ಮನೆ ಸೇರಿ ಎಷ್ಟೋ ದಿನವಾಯಿತು, ಎತ್ತು ಬೇವಿನ ಮರದಡಿಯೇ ಇವೆ. ಇದನ್ನು ನಾನು ಗೆಲುವು ಅನ್ನುವುದಿಲ್ಲ. ಪ್ರಸ್ತಾಪ ಮುಂದಕ್ಕೆ ಹೋಗಿದೆ ಅಷ್ಟೇ. ಭಾವ ಮತ್ತೆ ಎತ್ತಿದರೆ ನಾನೂ ಮತ್ತೆ ಏಳುತ್ತೇನೆ. ಗೇಟಿಗೆ ಒಂದು ಹಲಗೆ ಬರೆಸಿದ್ದೇನೆ: ‘ಸೋಮವಾರ ಎತ್ತುಗಳಿಗೆ ರಜೆ. ಗಾಡಿ ಬೇಕಾದರೆ ನೀವೇ ಎಳೆಯಿರಿ.’ ಈಗ ಕೆಲವರು ಅಳಿಯಂದಿರನ್ನು ಕರೆದುಕೊಂಡು ಸೋಮವಾರವೇ ಬರುತ್ತಾರೆ.

ಹೋದ ತಿಂಗಳು ತವರಿಗೆ ಬಂದಿದ್ದೆ. ನಿಮ್ಮಲ್ಲಿ ಕೆಲವರು ಸಿಕ್ಕಿರಿ, ‘ಆ ಕಡೆ ಹೇಗೆ?’ ಎಂದು ಕೇಳಿದಿರಿ. ನಮ್ಮ ಕಡೆ ಕಂಬಳದ ಕೋಣಕ್ಕೆ ಹುರುಳಿ ಬೇಯಿಸಿ ಹಾಕಿ, ಎಣ್ಣೆ ತಿಕ್ಕಿ ಮೆರೆಸುತ್ತೇವಲ್ಲ, ಆ ಮರ್ಯಾದೆ ಅದು ಓಡುವುದಕ್ಕೆ. ಅಲ್ಲಿ ಎತ್ತಿಗೆ ಮರ್ಯಾದೆ ಅದು ಸುಮ್ಮನೆ ಕೂರುವ ದಿನ, ಅಂದೆ. ನೀವು ನಕ್ಕಿರಿ. ‘ನೀನೂ ನಂಬ್ಲಿಕ್ಕೆ ಶುರು ಮಾಡಿದ್ಯಾ?’ ಅಂದಿರಿ. ಇಲ್ಲ. ನ್ಯಾಮತಿಯ ಮನೆಯಲ್ಲಿ ನಾನು ಇನ್ನೂ ‘ಏನನ್ನೂ ನಂಬದ ಕರಾವಳಿ ಹುಡುಗಿ’. ತವರಿನಲ್ಲಿ ನೋಡಿದರೆ ಘಟ್ಟದ ಮೇಲಿನವರ ವಕೀಲೆ. ಎರಡೂ ಮನೆಯಲ್ಲಿ ನನ್ನ ಕುರ್ಚಿ ಎದುರು ಪಕ್ಷದ ಕಡೆಗೇ ಇದೆ.

ತವರಿನಲ್ಲಿದ್ದ ಎರಡನೆಯ ಬೆಳಿಗ್ಗೆ ಅಣ್ಣ ಗದ್ದೆಗೆ ಟಿಲ್ಲರ್ ಇಳಿಸುತ್ತಿದ್ದ. ಪ್ರತಿ ವರ್ಷದಂತೆ ನಾನೂ ಅಂಚು ಕಡಿಯಲು ಹೊರಟವಳು ಮೆಟ್ಟಿಲ ಮೇಲೆ ನಿಂತುಬಿಟ್ಟೆ. “ಇವತ್ತು ಸೋಮವಾರ ಅಲ್ದಾ?”

“ಹೌದು. ಎಂತ ಹೆಣೆ, ಟಿಲ್ಲರಿಗೂ ರಜೆ ಕೊಡ್ಕಾ?” ಎಂದು ಅಣ್ಣ ನಕ್ಕು ಎಂಜಿನ್ ಶುರು ಮಾಡಿದ.

ಅವನ ಮಾತು ಪೂರ್ತಿ ಸರಿ. ಕಬ್ಬಿಣಕ್ಕೆ ಸೋಮವಾರ ಗೊತ್ತಿಲ್ಲ. ಕೆಸರು ಸೀಳಿಕೊಂಡು ಟಿಲ್ಲರ್ ಗದ್ದೆಯ ಆ ತುದಿಗೆ ಹೋಯಿತು. ನ್ಯಾಮತಿಯಲ್ಲಿ ಈ ಹೊತ್ತಿಗೆ ಮಾವ ಚಿಕ್ಕಯ್ಯನ ಬೆನ್ನಿಗೆ ನೀರು ಹಾಕುತ್ತಿರುತ್ತಾರೆ. “ಗದ್ದೆಗೆ ಇಳಿಯಲಿಲ್ಯಾ? ಮೈ ಹುಷಾರಿಲ್ಯಾ?” ಎಂದು ಒಳಗಿನಿಂದ ಅಮ್ಮ ಕೇಳಿದರು.

ಹುಷಾರಾಗಿಯೇ ಇದ್ದೆ. ಹಾರೆಯನ್ನು ಗೋಡೆಗೆ ಒರಗಿಸಿ ಮೆಟ್ಟಿಲ ಮೇಲೆ ಕೂತೆ. ಆ ದಿನ ಇಳಿಯಲಿಲ್ಲ.